ಮಣ್ಣೆತ್ತಿನ ಕಾಲು ಮುರಿದ ಹುಡುಗ: ಎಳೆಯ ಮಕ್ಕಳ ಮನಸ್ಸಿಗೆ ಆಟದ ಚಿಕಿತ್ಸೆ

ಮಣ್ಣೆತ್ತಿನ ಅಮಾವಾಸ್ಯೆಯ ದಿನ ಧಾರವಾಡದಲ್ಲಿರುವ ನನ್ನ ತಂಗಿಯ ಮನೆಯಲ್ಲಿ ಎರಿಮಣ್ಣು ತಂದು ಎತ್ತು ಮಾಡುವ ಕೆಲಸ ನಡೆದಿತ್ತು. ಅಜ್ಜಿ ಮಾಡಿದ ಜೋಡೆತ್ತುಗಳು ಮಣೆಯ ಮೇಲೆ ಒಣಗುತ್ತಿದ್ದವು. ತಂಗಿಯ ಐದು ವರ್ಷದ ಮಗ ತನ್ನ ಪಾಲಿನ ಮಣ್ಣಿನಲ್ಲಿ ತಾನೇ ಒಂದು ಎತ್ತು ಮಾಡಿ, ಅದರ ಮುಂಗಾಲು ಮುರಿದು, ಉಳಿದ ಮಣ್ಣಿನೊಳಗೆ ಅದನ್ನು ಹುಗಿದು, ಸ್ವಲ್ಪ ಹೊತ್ತಿನ ಮೇಲೆ ಕೆದರಿ ತೆಗೆದು, ಮುರಿದ ಕಾಲನ್ನು ನೀರು ಹಚ್ಚಿ ಅಂಟಿಸಿದ. ಮತ್ತೆ ಮುರಿದ, ಮತ್ತೆ ಹುಗಿದ. ನಾಲ್ಕನೆಯ ಸಲಕ್ಕೆ ಅಜ್ಜಿಗೆ ತಡೆಯಲಾಗಲಿಲ್ಲ. "ಪೂಜಿ ಮಾಡೋ ಎತ್ತ ಹಂಗ ಮುರೀಬಾರದೋ ತಮ್ಮಾ, ಪಾಪ ಬರತೈತಿ" ಎಂದು ಅವನ ಕೈಯಲ್ಲಿದ್ದ ಮಣ್ಣನ್ನು ಕಸಿದುಕೊಂಡರು. ಹುಡುಗ ಅಳಲಿಲ್ಲ, ಕಾಡಲಿಲ್ಲ. ಕೈ ತೊಳೆದು ಬಂದು ಮೂಲೆ ಹಿಡಿದು ಕುಳಿತ. ಆ ರಾತ್ರಿ ಹಾಸಿಗೆಯಲ್ಲಿ ಉಚ್ಚೆ ಹೊಯ್ದುಕೊಂಡ.

ಅವನ ಅಜ್ಜ ತೀರಿಕೊಂಡು ಆಗ ಮೂರು ತಿಂಗಳೂ ಆಗಿರಲಿಲ್ಲ. ನವಲಗುಂದದ ಕಡೆಯ ಹಳ್ಳಿಯಲ್ಲಿ ಹೊಲದ ಬದುವಿನಿಂದ ಜಾರಿ ಬಿದ್ದು ಕಾಲು ಮುರಿದುಕೊಂಡಿದ್ದ ಅವರನ್ನು ಹುಬ್ಬಳ್ಳಿಯ ಆಸ್ಪತ್ರೆಗೆ ಕರೆತಂದಿದ್ದರು. ಹನ್ನೆರಡು ದಿನಗಳ ಮೇಲೆ ಊರಿಗೆ ಮರಳಿದ್ದು ಅವರ ಹೆಣ. ದೊಡ್ಡವರೆಲ್ಲ ಮಣ್ಣಿಗೆ ಹೋಗುವಾಗ ಮಕ್ಕಳನ್ನು ನೆರೆಮನೆಯಲ್ಲಿ ಬಿಟ್ಟಿದ್ದರು. ಹುಡುಗ ಕೇಳಿದಾಗಲೆಲ್ಲ "ಅಜ್ಜ ಊರಿಗೆ ಹೋಗ್ಯಾನ" ಎಂಬ ಒಂದೇ ಉತ್ತರ ಸಿಗುತ್ತಿತ್ತು. ಅಲ್ಲಿಂದ ಅವನು ಅವ್ವನ ಸೆರಗು ಬಿಡದಾದ. ಎಂದೋ ಬಿಟ್ಟುಹೋಗಿದ್ದ ಹಾಸಿಗೆ ತೋಯಿಸುವ ರೂಢಿ ಮರಳಿ ಬಂತು. ಸಾಲಿಯಲ್ಲಿ ಮಾತು ನಿಂತಿತು. ತಂಗಿ ಗದಗಿನಲ್ಲಿ ಒಂದು ಮದುವೆಗೆಂದು ಚೀಲಕ್ಕೆ ಸೀರೆ ತುಂಬುತ್ತಿದ್ದಾಗ "ಊರಿಗೆ ಹೋಗಬ್ಯಾಡಬೇ" ಎಂದು ಅವನು ಚೀರಿಕೊಂಡ ರೀತಿಗೆ ಓಣಿಯ ಮಂದಿ ಹೊರಗೆ ಬಂದು ನೋಡಿದರು. ದೃಷ್ಟಿ ತೆಗೆದದ್ದಾಯಿತು, ತಾಯತ ಕಟ್ಟಿಸಿದ್ದಾಯಿತು. ಸಾಲಿಯವರು ಹಠಮಾರಿ ಎಂದರು. ಊರಿಗೆ ಹೋದವರು ತಿರುಗಿ ಬರುವುದಿಲ್ಲ ಎಂಬುದನ್ನು ಅವನಿಗೆ ಕಲಿಸಿದವರು ನಾವೇ ಎಂಬುದು ಮನೆಯಲ್ಲಿ ಒಬ್ಬರಿಗೂ ಹೊಳೆಯಲಿಲ್ಲ.

ಕೊನೆಗೆ ಮಕ್ಕಳ ವೈದ್ಯರೊಬ್ಬರು ಮೂತ್ರದ ಸೋಂಕು ಮೊದಲಾದ ದೈಹಿಕ ಕಾರಣಗಳಿಲ್ಲವೆಂದು ಪರೀಕ್ಷಿಸಿ ಖಚಿತಪಡಿಸಿಕೊಂಡು, ಹುಬ್ಬಳ್ಳಿಯಲ್ಲಿ ಮಕ್ಕಳೊಂದಿಗೆ ಕೆಲಸ ಮಾಡುವ ಆಪ್ತಸಮಾಲೋಚಕಿಯ ಬಳಿಗೆ ಕಳಿಸಿದರು. ಮೊದಲ ದಿನ ಅಲ್ಲಿಂದ ಬಂದ ಮೇಲೆ ತಂಗಿಯ ಗಂಡ ಕೇಳಿದ್ದು ಇಷ್ಟು: "ಮುಕ್ಕಾಲು ತಾಸು ಆಟ ಆಡಿಸಿ ಕಳಿಸಿದ್ರು. ಆಟ ಮನ್ಯಾಗೂ ಆಡತಾನಲ್ರಿ, ಅದಕ್ಯಾಕ ರೊಕ್ಕಾ ಕೊಡಬೇಕು?" ಇದು ನ್ಯಾಯವಾದ ಪ್ರಶ್ನೆ. ಓಣಿಯಲ್ಲಿ ಆಡುವ ಆಟಕ್ಕೂ ಚಿಕಿತ್ಸೆಯ ಕೋಣೆಯಲ್ಲಿ ಆಡುವ ಆಟಕ್ಕೂ ಇರುವ ವ್ಯತ್ಯಾಸವೇನು ಎಂದು ಕೇಳದೆ ಪ್ಲೇ ಥೆರಪಿಯನ್ನು, ಅಂದರೆ ಆಟದ ಚಿಕಿತ್ಸೆಯನ್ನು, ಒಪ್ಪುವುದೂ ತಪ್ಪು, ತಳ್ಳಿಹಾಕುವುದೂ ತಪ್ಪು.

ವ್ಯತ್ಯಾಸ ಆಟಿಕೆಗಳಲ್ಲಿಲ್ಲ. ಮನೆಯಲ್ಲಿ ಆ ಹುಡುಗ ಆಡುತ್ತಿದ್ದುದು ಅವನಿಗೆ ಅಗತ್ಯವಾಗಿ ಬೇಕಾಗಿದ್ದ ಆಟವನ್ನೇ. ಕಾಲು ಮುರಿದ ಒಂದು ಜೀವ ಮಣ್ಣಿನೊಳಗೆ ಹೋದರೆ ತಿರುಗಿ ಬರುತ್ತದೆಯೇ ಎಂದು ಅವನು ತನ್ನ ಕೈಯಾರೆ ಪರೀಕ್ಷಿಸುತ್ತಿದ್ದ. ಆದರೆ ಆ ಆಟವನ್ನು ಕೊನೆಯವರೆಗೂ ಆಡಲು ನಾವು ಬಿಡಲಿಲ್ಲ. ಅದನ್ನು ಕಂಡು ಅರ್ಥಮಾಡಿಕೊಳ್ಳುವ ಒಬ್ಬ ದೊಡ್ಡವರೂ ಅವನ ಪಕ್ಕದಲ್ಲಿ ಇರಲಿಲ್ಲ. ಆಟವನ್ನು ಮಗುವೇ ನಡೆಸಲು ಬಿಟ್ಟು, ಪಕ್ಕದಲ್ಲಿದ್ದು, ನೋಡಿ, ಕಂಡದ್ದಕ್ಕೆ ಮಾತು ಕೊಡುವ ತರಬೇತಿ ಪಡೆದ ವ್ಯಕ್ತಿ ಇರುವುದೇ ಆಟದ ಚಿಕಿತ್ಸೆಯ ತಿರುಳು.

ದೊಡ್ಡವರಿಗೆ ದುಃಖವಾದರೆ ಗೆಳೆಯರ ಮುಂದೆ ಹೇಳಿಕೊಳ್ಳುತ್ತೇವೆ, ಅತ್ತು ಹಗುರಾಗುತ್ತೇವೆ. ಮೂರರಿಂದ ಏಳು ವರ್ಷದ ಮಗುವಿಗೆ ಆ ದಾರಿ ಇನ್ನೂ ತೆರೆದಿರುವುದಿಲ್ಲ. ಅನಿಸಿದ್ದನ್ನು ಬೇರ್ಪಡಿಸಿ, ಅದಕ್ಕೆ ಹೆಸರು ಕೊಟ್ಟು, ಹಿಂದುಮುಂದು ಜೋಡಿಸಿ ಹೇಳುವ ಶಕ್ತಿ ನಿಧಾನವಾಗಿ ಬೆಳೆಯುವಂಥದ್ದು. ಸ್ವಿಟ್ಜರ್ಲೆಂಡಿನ ಮನಃಶಾಸ್ತ್ರಜ್ಞ ಜೀನ್ ಪಿಯಾಜೆ ಎರಡರಿಂದ ಏಳರ ವಯಸ್ಸನ್ನು ಒಂದು ಪ್ರತ್ಯೇಕ ಹಂತವೆಂದು ಗುರುತಿಸಿದ್ದರು. ಒಂದು ವಸ್ತುವನ್ನು ಇನ್ನೊಂದಾಗಿ ಭಾವಿಸುವ ಸಾಂಕೇತಿಕ ಆಟ ಬಲವಾಗಿ ಬೆಳೆಯುವುದು, ತರ್ಕದಿಂದ ಯೋಚಿಸುವ ಶಕ್ತಿ ಇನ್ನೂ ಕೂಡಿಬಾರದಿರುವುದು ಈ ಹಂತದಲ್ಲಿ. ಸಾವಿನ ವಿಷಯದಲ್ಲಿ ಇದು ಇನ್ನೂ ಸ್ಪಷ್ಟವಾಗಿ ಕಾಣುತ್ತದೆ. ಹಂಗೇರಿಯ ಮನಃಶಾಸ್ತ್ರಜ್ಞೆ ಮರಿಯಾ ನಾಗಿ 1948ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಮೂರರಿಂದ ಐದು ವರ್ಷದ ಮಕ್ಕಳು ಸಾವನ್ನು ಒಂದು ಬಗೆಯ ಪ್ರಯಾಣವೆಂದು, ತಿರುಗಿ ಬರಬಹುದಾದ ಸ್ಥಿತಿಯೆಂದು ತಿಳಿದಿದ್ದುದು ಕಂಡುಬಂತು. ನಮ್ಮ ಮನೆಗಳಲ್ಲಿ "ಊರಿಗೆ ಹೋಗ್ಯಾನ" ಎಂದು ಹೇಳುವಾಗ ಆ ವಯಸ್ಸಿನ ಮಗುವಿಗೆ ಇರುವ ಗೊಂದಲವನ್ನೇ ನಾವು ಗಟ್ಟಿಮಾಡುತ್ತೇವೆ. ಮಗುವಿನ ಮೇಲಿನ ಅಕ್ಕರೆಯಿಂದಲೇ ಆ ಸುಳ್ಳು ಹೇಳುತ್ತೇವೆ ಎಂಬುದು ನಿಜ. ಅದರ ಭಾರ ಮಾತ್ರ ಮಗುವಿನ ಮೇಲೆ ಬೀಳುತ್ತದೆ.

ಮಾತಿನಲ್ಲಿ ಹೊರಬರದದ್ದು ಮೈಯಲ್ಲಿ, ನಡತೆಯಲ್ಲಿ ಹೊರಬರುತ್ತದೆ. ಪರೀಕ್ಷೆಯಲ್ಲಿ ಏನೂ ಸಿಗದ ಹೊಟ್ಟೆನೋವು, ರಾತ್ರಿ ಬೆಚ್ಚಿಬೀಳುವುದು, ಕಾರಣವಿಲ್ಲದೆ ತಮ್ಮನನ್ನು ಕಚ್ಚುವುದು, ಕಲಿತ ಮಾತನ್ನು ಬಿಟ್ಟು ಮತ್ತೆ ಕೂಸಿನಂತೆ ತೊದಲುವುದು, ಉಗುರು ಕಡಿಯುವುದು ಹೀಗೆ. ನಮ್ಮ ಕಡೆ ಇವುಗಳಿಗೆ ಅಂಜಿಕಿ, ದೃಷ್ಟಿ, ಹಠ ಎಂಬ ಹೆಸರುಗಳಿವೆ. ಇವುಗಳಲ್ಲಿ ಅಂಜಿಕಿ ಎಂಬ ಮಾತು ನಿಜಕ್ಕೆ ತೀರ ಹತ್ತಿರದ್ದು, ಏಕೆಂದರೆ ಅದು ಮಗುವನ್ನು ದೂರುವುದಿಲ್ಲ. ಹಠ ಎಂದು ಕರೆದ ಕೂಡಲೇ ಬೆತ್ತ ಬರುತ್ತದೆ. ಈ ತೊಂದರೆಗಳು ಅಪರೂಪವೂ ಅಲ್ಲ: ಬೆಂಗಳೂರು ನಗರ ಮತ್ತು ಗ್ರಾಮೀಣ ಪ್ರದೇಶಗಳಲ್ಲಿ ಹುಟ್ಟಿನಿಂದ ಹದಿನಾರು ವರ್ಷದವರೆಗಿನ ಮಕ್ಕಳ ಬಗ್ಗೆ ನಡೆದು 2005ರಲ್ಲಿ ಪ್ರಕಟವಾದ ಅಧ್ಯಯನವು ಶೇಕಡಾ 12.5ರಷ್ಟು ಮಕ್ಕಳಲ್ಲಿ ಒಂದಿಲ್ಲೊಂದು ಮಾನಸಿಕ ತೊಂದರೆಯನ್ನು ಗುರುತಿಸಿತ್ತು. ಅಂದರೆ ಎಂಟು ಮಕ್ಕಳಿಗೆ ಒಂದು.

ಇನ್ನು ಆ ಕೋಣೆಯೊಳಗೆ ನಡೆಯುವುದೇನು ಎಂಬುದನ್ನು ನೋಡೋಣ. ತಂಗಿಯ ಮಗ ಹೋಗುತ್ತಿದ್ದ ಕೋಣೆ ದೊಡ್ಡದಲ್ಲ. ಹತ್ತಡಿಗೆ ಹತ್ತಡಿ ಇರಬಹುದು. ನೆಲಕ್ಕೆ ಚಾಪೆ, ಗೋಡೆಗೆ ಮಗುವಿನ ಕೈಗೆ ಎಟುಕುವ ಎತ್ತರದ ಕಪಾಟು. ಅದರಲ್ಲಿ ಗೊಂಬೆಮನೆ, ಅವ್ವ, ಅಪ್ಪ, ಮುದುಕರು, ಕೂಸು ಎಲ್ಲವೂ ಇರುವ ಸಣ್ಣ ಸಂಸಾರದ ಗೊಂಬೆಗಳು, ಅಡುಗೆ ಸಾಮಾನು, ಡಾಕ್ಟರರ ಪೆಟ್ಟಿಗೆ, ದನಕರು, ಹುಲಿ, ಹಾವು, ಆಟದ ಬಂದೂಕು, ಬಣ್ಣ, ಕಾಗದ, ಮಣ್ಣು ಇದ್ದವು. ಒಂದು ಮೂಲೆಯಲ್ಲಿ ಮರಳು ತುಂಬಿದ ಅಗಲವಾದ ಟ್ರೇ ಇತ್ತು. ಬ್ಯಾಟರಿಯಿಂದ ತಾನೇ ಓಡುವ, ಹಾಡುವ ಆಟಿಕೆ ಒಂದೂ ಇರಲಿಲ್ಲ. ತಾನೇ ಕುಣಿಯುವ ಆಟಿಕೆಯ ಮುಂದೆ ಮಗು ನೋಡುಗನಾಗಿಬಿಡುತ್ತದೆ. ಮಗುವಿನ ಮನಸ್ಸಿನಲ್ಲಿರುವುದನ್ನು ಹೊರತರಲು ಸುಮ್ಮನಿರುವ ವಸ್ತುಗಳೇ ಬೇಕು. ಈ ಕ್ಷೇತ್ರದಲ್ಲಿ ಬಹುಕಾಲ ಕೆಲಸ ಮಾಡಿದ ಅಮೆರಿಕದ ಗ್ಯಾರಿ ಲ್ಯಾಂಡ್ರೆತ್ ಆಟಿಕೆಗಳನ್ನು ಮೂರು ಬಗೆಯಾಗಿ ವಿಂಗಡಿಸುತ್ತಾರೆ: ನಿಜಜೀವನದ ಸಾಮಾನುಗಳು, ಸಿಟ್ಟನ್ನು ಹೊರಹಾಕಲು ನೆರವಾಗುವವು, ಏನನ್ನಾದರೂ ಹೊಸದಾಗಿ ಮಾಡಲು ಬರುವವು. ಬಂದೂಕನ್ನು ಕಂಡು ನನ್ನ ತಂಗಿ ಅಂಜಿದ್ದಳು. ಸಿಟ್ಟಿಗೆ ಜಾಗವಿಲ್ಲದ ಕೋಣೆಯಲ್ಲಿ ಮಗು ಒಳ್ಳೆಯವನಂತೆ ನಟಿಸುತ್ತದೆಯೇ ಹೊರತು ತನ್ನ ನಿಜವಾದ ಆಟ ಆಡುವುದಿಲ್ಲ ಎಂಬುದು ಅವಳಿಗೆ ಆಮೇಲೆ ತಿಳಿಯಿತು.

ವಾರಕ್ಕೊಂದು ಸಲ, ಅದೇ ದಿನ, ಅದೇ ಹೊತ್ತು, ಮೂವತ್ತರಿಂದ ಐವತ್ತು ನಿಮಿಷ. ಈ ಕಟ್ಟುನಿಟ್ಟು ಚಿಕಿತ್ಸೆಯ ಭಾಗವೇ ಆಗಿದೆ, ಏಕೆಂದರೆ ಯಾರು ಯಾವಾಗ ಕಾಣೆಯಾಗುತ್ತಾರೋ ಎಂಬ ಭಯವಿರುವ ಮಗುವಿಗೆ ಹೇಳಿದ ಹೊತ್ತಿಗೆ ಹೇಳಿದ ಜಾಗದಲ್ಲಿ ಇರುವ ಒಬ್ಬ ವ್ಯಕ್ತಿಯೇ ಮೊದಲ ಔಷಧ. ಒಳಗೆ ಹೋದ ಮೇಲೆ ಏನು ಆಡಬೇಕೆಂದು ನಿರ್ಧರಿಸುವುದು ಮಗು. ಚಿಕಿತ್ಸಕಿ ಆಟ ಕಲಿಸುವುದಿಲ್ಲ, ಪ್ರಶ್ನೆ ಕೇಳುವುದಿಲ್ಲ, ಶಭಾಷ್ ಅನ್ನುವುದಿಲ್ಲ. ಈ ಕೊನೆಯದು ನನಗೆ ವಿಚಿತ್ರವಾಗಿ ಕಂಡಿತ್ತು. ಹೊಗಳಿಕೆಯ ರುಚಿ ಹತ್ತಿದ ಮಗು ದೊಡ್ಡವರಿಗೆ ಇಷ್ಟವಾಗುವ ಆಟಕ್ಕೆ ತಿರುಗುತ್ತದೆ, ತನ್ನದನ್ನು ಬಚ್ಚಿಡುತ್ತದೆ ಎಂದು ಅವರು ತಂಗಿಗೆ ವಿವರಿಸಿದ್ದರಂತೆ.

ಮುರಿದ ಎತ್ತನ್ನು ಕಂಡರೆ ನಾವು "ಯಾಕ ಮುರದಿ?" ಎಂದು ಕೇಳುತ್ತೇವೆ. ಐದು ವರ್ಷದ ಮಗುವಿಗೆ ಅದರ ಉತ್ತರ ಗೊತ್ತಿರುವುದಿಲ್ಲ. ಪ್ರಶ್ನೆಯಲ್ಲಿ ಗದರಿಕೆ ಮಾತ್ರ ಕೇಳಿಸುತ್ತದೆ. ಚಿಕಿತ್ಸಕಿ ಕಂಡದ್ದನ್ನಷ್ಟೇ ಹೇಳುತ್ತಾರೆ: "ಎತ್ತಿನ ಕಾಲು ಮುರೀತು. ಈಗ ಅದಕ್ಕ ನಡಿಯಾಕ ಬರಂಗಿಲ್ಲ." ಮಗು ತಲೆ ಎತ್ತಿ ನೋಡುತ್ತದೆ. ತಾನು ಮಾಡಿದ್ದು ಇನ್ನೊಬ್ಬರಿಗೆ ಕಾಣಿಸಿತು, ಅವರು ಹೆದರಲಿಲ್ಲ, ಬೈಯಲಿಲ್ಲ ಎಂಬುದು ಅದಕ್ಕೆ ತಿಳಿಯುತ್ತದೆ. ಆಮೇಲೆ ಎಂದೋ ಒಂದು ದಿನ ಎತ್ತನ್ನು ಹುಗಿದ ಮೇಲೆ ಹುಲಿ ಬಂದು ಎಲ್ಲರನ್ನೂ ತಿನ್ನುತ್ತದೆ. ಆಗ "ಹುಲಿಗೆ ಭಾಳ ಸಿಟ್ಟು ಬಂದೈತಿ" ಎಂಬಷ್ಟೇ ಮಾತು. ಹುಡುಗನಿಗೆ ಸಿಟ್ಟು ಬಂದಿದೆ ಎಂದು ಅವಸರದಿಂದ ಹೇಳಿದರೆ ಆಟ ಅಲ್ಲಿಗೇ ನಿಲ್ಲುತ್ತದೆ. ಹುಲಿಯ ಮರೆಯಲ್ಲಿ ನಿಂತು ಮಾತಾಡುವ ಅವಕಾಶ ಇರುವುದರಿಂದಲೇ ಮಗುವಿಗೆ ಧೈರ್ಯ ಬರುತ್ತದೆ.

ಹಾಗೆಂದು ಆ ಕೋಣೆಯಲ್ಲಿ ಏನು ಮಾಡಿದರೂ ನಡೆಯುತ್ತದೆ ಎಂದಲ್ಲ. ಮಗು ಚಿಕಿತ್ಸಕಿಗೆ ಹೊಡೆಯಲು ಬಂದರೆ, ಕಿಟಕಿಗೆ ಕಲ್ಲು ಎತ್ತಿದರೆ, ಅವರು ಮೊದಲು ಭಾವನೆಯನ್ನು ಒಪ್ಪಿಕೊಳ್ಳುತ್ತಾರೆ, ನಂತರ ಗೆರೆ ಎಲ್ಲಿದೆ ಎಂದು ಹೇಳುತ್ತಾರೆ, ಕೊನೆಗೆ ಬೇರೆ ದಾರಿ ತೋರಿಸುತ್ತಾರೆ: "ನಿನಗ ನನ್ನ ಮ್ಯಾಲ ಸಿಟ್ಟು ಬಂದೈತಿ, ಗೊತ್ತಾತು. ಆದ್ರ ನನಗ ಹೊಡಿಯಾಂಗಿಲ್ಲ. ಬೇಕಂದ್ರ ಈ ದಿಂಬಿಗೆ ಹೊಡಿ." ಈ ಮೂರು ಮಾತಿನ ಕ್ರಮವನ್ನು ನನ್ನ ತಂಗಿ ಮನೆಯಲ್ಲಿ ಬಳಸಲು ಶುರುಮಾಡಿದ ಮೇಲೆ ಆ ಮನೆಯ ಗದ್ದಲ ಅರ್ಧಕ್ಕಿಳಿಯಿತು ಎಂದರೆ ಅತಿಶಯೋಕ್ತಿಯಲ್ಲ. ಸಿಟ್ಟು ತಪ್ಪಲ್ಲ, ಹೊಡೆಯುವುದು ತಪ್ಪು ಎಂಬ ವ್ಯತ್ಯಾಸವನ್ನು ನಾವು ಮಕ್ಕಳಿಗೆ ಹೇಳಿಕೊಡುವುದೇ ಕಡಿಮೆ.

ಮೇಲೆ ವಿವರಿಸಿದ ಕ್ರಮಕ್ಕೆ ಅಡಿಪಾಯ ಹಾಕಿದವರು ಅಮೆರಿಕದ ವರ್ಜೀನಿಯಾ ಆಕ್ಸ್‌ಲೈನ್. ಮನಃಶಾಸ್ತ್ರಜ್ಞ ಕಾರ್ಲ್ ರೋಜರ್ಸ್ ದೊಡ್ಡವರ ಸಮಾಲೋಚನೆಯಲ್ಲಿ ತಂದ ವ್ಯಕ್ತಿಕೇಂದ್ರಿತ ದೃಷ್ಟಿಯನ್ನು ಅವರು ಮಕ್ಕಳಿಗೆ ಅನ್ವಯಿಸಿ 1947ರಲ್ಲಿ ಎಂಟು ತತ್ವಗಳನ್ನು ಮುಂದಿಟ್ಟರು. ಮಗುವನ್ನು ಇದ್ದ ಹಾಗೆ ಒಪ್ಪುವುದು, ಮಗು ಮುಂದೆ ನಡೆಯಲು ಬಿಟ್ಟು ಹಿಂದೆ ಹೋಗುವುದು, ಅವಸರ ಮಾಡದಿರುವುದು, ತೀರ ಅಗತ್ಯವಿರುವಷ್ಟೇ ಮಿತಿ ಹಾಕುವುದು ಇವು ಅವುಗಳಲ್ಲಿ ಸೇರಿವೆ. ಅದಕ್ಕೂ ಮೊದಲು, 1920ರ ದಶಕದಲ್ಲಿ, ಮನೋವಿಶ್ಲೇಷಕಿ ಮೆಲನಿ ಕ್ಲೈನ್ ಮಗುವಿನ ಆಟವನ್ನು, ಮನಸ್ಸಿಗೆ ಬಂದದ್ದನ್ನೆಲ್ಲ ಹೇಳುವ ದೊಡ್ಡವರ ಮುಕ್ತ ಮಾತಿಗೆ ಸಮವೆಂದು ತಿಳಿದು ಅದರೊಳಗಿನ ಅರ್ಥವನ್ನು ನೇರವಾಗಿ ಬಿಡಿಸಿ ಹೇಳುತ್ತಿದ್ದರೆ, ಅನ್ನಾ ಫ್ರಾಯ್ಡ್ ಆಟವನ್ನು ಮುಖ್ಯವಾಗಿ ಮಗುವಿನ ನಂಟು ಬೆಳೆಸಲು ಬಳಸುತ್ತಿದ್ದರು. ಅದೇ ದಶಕದ ಕೊನೆಯಲ್ಲಿ ಲಂಡನ್ನಿನ ಮಾರ್ಗರೆಟ್ ಲೋವೆನ್‌ಫೆಲ್ಡ್ ತಮ್ಮ ಚಿಕಿತ್ಸಾಲಯದಲ್ಲಿ ಮರಳಿನ ತಟ್ಟೆಯನ್ನೂ ಸಣ್ಣ ಸಣ್ಣ ಆಟಿಕೆಗಳನ್ನೂ ಇಟ್ಟರು. ಮಕ್ಕಳು ಅವೆರಡನ್ನೂ ತಾವೇ ಕೂಡಿಸಿ ಕಟ್ಟಿದ ದೃಶ್ಯಗಳನ್ನು ಜಗತ್ತು ಎಂದು ಕರೆದರು, ಆ ಪದ್ಧತಿಗೆ ಅದೇ ಹೆಸರು ನಿಂತಿತು. ಹುಬ್ಬಳ್ಳಿಯ ಆ ಕೋಣೆಯ ಮೂಲೆಯಲ್ಲಿದ್ದ ಮರಳಿನ ಟ್ರೇಯ ಮೂಲ ಅಲ್ಲಿದೆ.

ಆಟ ಹೇಗೆ ವಾಸಿಮಾಡುತ್ತದೆ ಎಂಬುದಕ್ಕೆ ಒಂದೇ ಉತ್ತರವಿಲ್ಲ, ಆದರೆ ಕೆಲವು ಕಾರಣಗಳು ಸ್ಪಷ್ಟವಾಗಿವೆ. ಬದುಕಿನಲ್ಲಿ ನಡೆದದ್ದು ಮಗುವಿನ ಕೈಮೀರಿ ನಡೆದಿರುತ್ತದೆ. ಆಟದಲ್ಲಿ ಅದೇ ಘಟನೆ ಮಗುವಿನ ಕೈಯಳತೆಗೆ ಇಳಿಯುತ್ತದೆ. ಆಸ್ಪತ್ರೆಯಲ್ಲಿ ಸೂಜಿ ಚುಚ್ಚಿಸಿಕೊಂಡ ಮಗು ಆಟದಲ್ಲಿ ತಾನೇ ಡಾಕ್ಟರಾಗಿ ಗೊಂಬೆಗೆ ಚುಚ್ಚುತ್ತದೆ. ಬೇಕೆಂದಾಗ ನಿಲ್ಲಿಸಬಹುದು, ಬೇಕೆಂದಾಗ ಮತ್ತೆ ಶುರುಮಾಡಬಹುದು, ಕೊನೆಯನ್ನು ಬದಲಿಸಬಹುದು. ಸಾವಿರ ಸಲ ಆಡಿದರೂ ಯಾರಿಗೂ ನಿಜವಾಗಿ ಪೆಟ್ಟಾಗುವುದಿಲ್ಲ. ಹೀಗೆ ಆಡುತ್ತ ಆಡುತ್ತ ಭಯದ ಮೊನೆ ಸವೆಯುತ್ತದೆ.

ಎಲ್ಲ ಸಲ ಹೀಗಾಗುವುದಿಲ್ಲ ಎಂಬುದನ್ನೂ ಹೇಳಬೇಕು. 1976ರಲ್ಲಿ ಕ್ಯಾಲಿಫೋರ್ನಿಯಾದ ಚೌಚಿಲಾದಲ್ಲಿ ಶಾಲಾ ಬಸ್ಸಿನೊಂದಿಗೆ ಅಪಹರಣಕ್ಕೊಳಗಾಗಿ ಪಾರಾದ 26 ಮಕ್ಕಳಲ್ಲಿ ಹೆಚ್ಚಿನವರನ್ನು ಅಧ್ಯಯನ ಮಾಡಿದ ಮನೋವೈದ್ಯೆ ಲೆನೋರ್ ಟೆರ್, ಆಘಾತಕ್ಕೊಳಗಾದ ಮಕ್ಕಳ ಆಟದಲ್ಲಿ ಒಂದು ವಿಶೇಷವನ್ನು ಗುರುತಿಸಿದರು: ಅದೇ ಘಟನೆ, ಅದೇ ಕ್ರಮ, ಅದೇ ಕೊನೆ, ಆಡಿದ ಮೇಲೂ ಯಾವ ನೆಮ್ಮದಿಯೂ ಇಲ್ಲ. ಅಂಥ ಆಟ ಗಾಯವನ್ನು ಕೆರೆಯುತ್ತದೆಯೇ ಹೊರತು ಮಾಯಿಸುವುದಿಲ್ಲ. ಆಗ ಚಿಕಿತ್ಸಕರು ಸುಮ್ಮನೆ ನೋಡುತ್ತ ಕೂರುವುದಿಲ್ಲ. ಆಂಬುಲೆನ್ಸ್ ಬರಬಹುದೇ, ಯಾರಾದರೂ ನೆರವಿಗೆ ಬರುತ್ತಾರೆಯೇ ಎಂದು ಮೆಲ್ಲಗೆ ಒಂದು ಬಾಗಿಲು ತೆರೆಯುತ್ತಾರೆ. ಯಾವ ಆಟ ಮುಂದೆ ಸಾಗುತ್ತಿದೆ, ಯಾವುದು ಇದ್ದಲ್ಲೇ ಸುತ್ತುತ್ತಿದೆ ಎಂದು ಗುರುತಿಸುವುದು ಅನುಭವದಿಂದ ಬರುವ ವಿದ್ಯೆ. ತಂಗಿಯ ಗಂಡ ಕೇಳಿದ ಪ್ರಶ್ನೆಗೆ ಉತ್ತರದ ದೊಡ್ಡ ಪಾಲು ಇಲ್ಲಿದೆ: ಅವರು ರೊಕ್ಕ ಕೊಟ್ಟದ್ದು ಈ ಕಣ್ಣಿಗೆ.

ಪುರಾವೆ ಏನು ಹೇಳುತ್ತದೆ? ಸಂಶೋಧಕಿ ಬ್ರ್ಯಾಟನ್ ಮತ್ತು ಸಂಗಡಿಗರು 2005ರಲ್ಲಿ 93 ಅಧ್ಯಯನಗಳನ್ನು ಒಟ್ಟುಗೂಡಿಸಿ ನೋಡಿದಾಗ ಆಟದ ಚಿಕಿತ್ಸೆಯ ಪರಿಣಾಮದ ಅಳತೆ (ಚಿಕಿತ್ಸೆ ಪಡೆದ ಮಕ್ಕಳು ಪಡೆಯದವರಿಗಿಂತ ಎಷ್ಟು ಸುಧಾರಿಸಿದರು ಎಂಬುದರ ಲೆಕ್ಕ) 0.80 ಬಂದಿತ್ತು, ಸಂಖ್ಯಾಶಾಸ್ತ್ರದ ರೂಢಿಯಲ್ಲಿ 0.2 ಸಣ್ಣದು, 0.5 ಮಧ್ಯಮ, 0.8 ದೊಡ್ಡದು. ಆ ಮೊದಲು 2001ರಲ್ಲಿ 42 ಅಧ್ಯಯನಗಳ ಮೇಲೆ ನಡೆದ ಇಂಥದೇ ಲೆಕ್ಕದಲ್ಲಿ 0.66 ಸಿಕ್ಕಿತ್ತು. ಆದರೆ ಮೇಲೆ ವಿವರಿಸಿದಂತೆ ಮಗುವೇ ಆಟ ನಡೆಸುವ ಮಗುಕೇಂದ್ರಿತ ಪದ್ಧತಿಯನ್ನಷ್ಟೇ ಆರಿಸಿಕೊಂಡು 52 ಅಧ್ಯಯನಗಳನ್ನು ಪರಿಶೀಲಿಸಿದ 2015ರ ವಿಶ್ಲೇಷಣೆಯಲ್ಲಿ ಅದು 0.47ಕ್ಕೆ ಇಳಿಯಿತು. ಹಳೆಯ ಅಧ್ಯಯನಗಳಲ್ಲಿ ಅನೇಕವು ಸಣ್ಣವು, ಹೆಚ್ಚಿನವು ಅಮೆರಿಕದವು ಎಂಬುದನ್ನು ಸೇರಿಸಿ ನೋಡಿದರೆ, ಇದು ಪವಾಡವಲ್ಲ, ನಂಬಿಕೆಗೆ ಅರ್ಹವಾದ ಮಧ್ಯಮ ಪ್ರಮಾಣದ ನೆರವು ಎಂದು ಹೇಳುವುದು ಪ್ರಾಮಾಣಿಕವಾದ ಮಾತು. ಈ ಅಂಕಿಗಳ ನಡುವೆ ನಮ್ಮ ಊರುಗಳಿಗೆ ತುಂಬ ಮುಖ್ಯವಾದ ಒಂದು ಸಂಗತಿ ಇದೆ: 2005ರ ವಿಶ್ಲೇಷಣೆಯಲ್ಲಿ, ತರಬೇತಿ ಪಡೆದ ತಂದೆತಾಯಿಯರೇ ಆಟ ನಡೆಸಿದ ಕಡೆ ಪರಿಣಾಮ ವೃತ್ತಿಪರರು ನಡೆಸಿದ್ದಕ್ಕಿಂತ ಹೆಚ್ಚಾಗಿತ್ತು. ಇದಕ್ಕೆ ಮುಂದೆ ಬರುತ್ತೇನೆ.

ಆಟದ ಚಿಕಿತ್ಸೆ ಎಲ್ಲಿ ಸಾಲದು ಎಂಬುದನ್ನು ಕೂಡ ಚಿಕ್ಕದಾಗಿ ಹೇಳಬೇಕು. ಮಾತು ಬಾರದ ಮಗುವಿಗೆ ಮೊದಲು ಕಿವಿ ಪರೀಕ್ಷೆಯಾಗಬೇಕು. ಆಟಿಸಂ, ಬುದ್ಧಿ ಬೆಳವಣಿಗೆಯ ಕುಂಠಿತ, ಮೂರ್ಛೆರೋಗ ಇರುವ ಮಕ್ಕಳಿಗೆ ಬೇರೆ ಬಗೆಯ ತರಬೇತಿ, ಔಷಧಿ ಬೇಕಾಗುತ್ತವೆ. ಮಗುವಿನ ಮೇಲೆ ಮನೆಯಲ್ಲೇ ದೌರ್ಜನ್ಯ ನಡೆಯುತ್ತಿದ್ದರೆ ಮೊದಲು ಅದು ನಿಲ್ಲಬೇಕು. ಹೊಡೆತ ಮುಂದುವರಿದಿರುವಾಗ ವಾರಕ್ಕೊಮ್ಮೆ ಮರಳಿನಲ್ಲಿ ಆಡಿಸಿ ಮಗುವನ್ನು ಅದೇ ಮನೆಗೆ ಕಳಿಸುವುದು ಚಿಕಿತ್ಸೆಯಲ್ಲ. ಮಕ್ಕಳ ಸಹಾಯವಾಣಿ 1098 ಇರುವುದು ಅದಕ್ಕಾಗಿಯೇ.

ಈಗ ನಮ್ಮ ಸೀಮೆಯ ಮಾತು. ಮಾನಸಿಕ ಆರೋಗ್ಯದ ಮಟ್ಟಿಗೆ ಧಾರವಾಡ ಪುಣ್ಯವಂತ ಊರು. ಇಲ್ಲಿನ ಮಾನಸಿಕ ಆಸ್ಪತ್ರೆ ಬ್ರಿಟಿಷರ ಕಾಲದ್ದು. ಅದೇ ಇಂದು ಡಿಮ್ಹಾನ್ಸ್ ಆಗಿ ಉತ್ತರ ಕರ್ನಾಟಕಕ್ಕೆಲ್ಲ ಆಸರೆಯಾಗಿದೆ. ಹುಬ್ಬಳ್ಳಿಯಲ್ಲಿ ಹಿಂದೆ ಕಿಮ್ಸ್ ಎಂದು ಕರೆಯುತ್ತಿದ್ದ ಸರ್ಕಾರಿ ವೈದ್ಯಕೀಯ ಕಾಲೇಜು ಆಸ್ಪತ್ರೆ ಇದೆ, ಗದಗ ಮತ್ತು ಹಾವೇರಿಯಲ್ಲೂ ಸರ್ಕಾರಿ ವೈದ್ಯಕೀಯ ಕಾಲೇಜುಗಳು ಬಂದಿವೆ. ಮನೋಚೈತನ್ಯ ಯೋಜನೆಯಡಿ ಮಂಗಳವಾರ ತಾಲ್ಲೂಕು ಆಸ್ಪತ್ರೆಗಳಲ್ಲಿ ಮನೋವೈದ್ಯರು ಸಿಗುವ ವ್ಯವಸ್ಥೆ ರೂಪಿಸಲಾಗಿದೆ. ಫೋನಿನಲ್ಲಿ ಸಲಹೆ ನೀಡುವ ಟೆಲಿ ಮಾನಸ್ 14416 ಕನ್ನಡದಲ್ಲೂ ಲಭ್ಯ. ಆದರೆ ಆಟದ ಚಿಕಿತ್ಸೆ ಒಂದು ದಿನದ ಕೆಲಸವಲ್ಲ, ಚೀಟಿ ಬರೆಸಿಕೊಂಡು ಹೋಗುವಂಥದ್ದಲ್ಲ. ಮುಂಡರಗಿಯಿಂದಲೋ ಹಿರೇಕೆರೂರಿನಿಂದಲೋ ಧಾರವಾಡಕ್ಕೆ ನೂರು ಕಿಲೋಮೀಟರಿಗೂ ಹೆಚ್ಚು ದೂರ. ಕೂಲಿಗೆ ಹೋಗುವ ತಾಯಿ ವಾರಕ್ಕೊಂದು ದಿನದ ಪಗಾರ ಬಿಟ್ಟು, ಬಸ್ಸಿನಲ್ಲಿ ಮಗುವನ್ನು ಕರೆದುಕೊಂಡು ತಿಂಗಳುಗಟ್ಟಲೆ ಬರಬೇಕೆಂದು ಹೇಳುವುದು ಕಷ್ಟ. ಟಿಕೆಟ್ ಉಚಿತವಾದರೂ ದಿನ ಉಚಿತವಲ್ಲ.

ಅಗತ್ಯವಿರುವ ಮಕ್ಕಳು ಇರುವುದು ಮಾತ್ರ ಆ ದೂರದ ಊರುಗಳಲ್ಲಿಯೇ. ಗದಗ, ಹಾವೇರಿ ಜಿಲ್ಲೆಗಳಿಂದ ಗೋವಾಕ್ಕೆ ದುಡಿಯಲು ಹೋಗುವ ಕುಟುಂಬಗಳು ಎಳೆಯ ಮಕ್ಕಳನ್ನು ಅಜ್ಜ ಅಜ್ಜಿಯರ ಬಳಿ ಬಿಟ್ಟು ಹೋಗುತ್ತವೆ. ಅಪ್ಪ ಅವ್ವ ಯಾವಾಗ ಬರುತ್ತಾರೆಂದು ಆ ಮಕ್ಕಳಿಗೆ ತಿಳಿಸಿ ಹೇಳುವವರು ಕಡಿಮೆ. ಸಾಲದ ಹೊರೆಗೆ ಅಪ್ಪನನ್ನು ಕಳೆದುಕೊಂಡ ರೈತ ಕುಟುಂಬಗಳ ಮಕ್ಕಳಿದ್ದಾರೆ. ಸರ್ಕಾರದ ಪರಿಹಾರ ತಾಯಿಯ ಕೈಸೇರಿದರೂ ಮಗುವಿನ ಪ್ರಶ್ನೆಗೆ ಉತ್ತರ ಸಿಕ್ಕಿರುವುದಿಲ್ಲ. 2019ರ ಆಗಸ್ಟ್‌ನಲ್ಲಿ ಮಲಪ್ರಭೆ ಉಕ್ಕಿ ನರಗುಂದ ತಾಲ್ಲೂಕಿನ ಕೊಣ್ಣೂರು ಮುಳುಗಿದಾಗ ಆ ಭಾಗದ ಪರಿಹಾರ ಕೇಂದ್ರವೊಂದರಲ್ಲಿ ನಾನು ಕಂಡದ್ದು ನೆನಪಿದೆ: ಮೂರ್ನಾಲ್ಕು ಮಕ್ಕಳು ಚಪ್ಪಲಿಗಳನ್ನು ಸಾಲಾಗಿ ಮನೆಗಳಂತೆ ಇಟ್ಟು, ಅವುಗಳ ಮೇಲೆ ಚೊಂಬಿನ ನೀರು ಸುರಿದು "ಹೊಳಿ ಬಂತು, ಓಡ್ರೀ" ಎಂದು ಆಡುತ್ತಿದ್ದವು. ಕುಡಿಯುವ ನೀರು ಚೆಲ್ಲುತ್ತೀರಿ ಎಂದು ಯಾರೋ ಗದರಿ ಎಬ್ಬಿಸಿದರು. ಅಲ್ಲಿ ಗದರಿದವರದ್ದೂ ತಪ್ಪಲ್ಲ, ನೀರು ನಿಜವಾಗಿಯೂ ಕಡಿಮೆ ಇತ್ತು. ಆದರೆ ಅಕ್ಕಿ, ಚಾದರ, ಔಷಧಿಗಳ ಜೊತೆ ಒಂದು ಬುಟ್ಟಿ ಆಟಿಕೆ, ಮಕ್ಕಳ ಜೊತೆ ಕೂರುವ ಒಬ್ಬ ತಿಳಿದವರು ಇದ್ದಿದ್ದರೆ ಆ ಆಟ ಮುಗಿಯುವವರೆಗೂ ನಡೆಯುತ್ತಿತ್ತು.

ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮ 2013ರಿಂದ ಜಾರಿಯಲ್ಲಿದೆ. ಅದರ ಸಂಚಾರಿ ತಂಡಗಳು ಅಂಗನವಾಡಿಗಳಿಗೆ ವರ್ಷಕ್ಕೆ ಎರಡು ಸಲ, ಸರ್ಕಾರಿ ಶಾಲೆಗಳಿಗೆ ಒಂದು ಸಲ ಬಂದು ಹುಟ್ಟಿನಿಂದ ಬಂದ ದೋಷ, ಪೌಷ್ಟಿಕಾಂಶದ ಕೊರತೆ, ಕಾಯಿಲೆ, ಬೆಳವಣಿಗೆಯ ವಿಳಂಬ ಇವುಗಳನ್ನು ತಪಾಸಣೆ ಮಾಡಬೇಕು. ಒಳ್ಳೆಯ ಯೋಜನೆ. ಆದರೆ ಚೆನ್ನಾಗಿ ಬೆಳೆದು, ತೂಕ ಸರಿಯಿದ್ದು, ಅಜ್ಜನನ್ನು ಕಳೆದುಕೊಂಡು ಮಾತು ಬಿಟ್ಟ ಮಗು ಈ ನಾಲ್ಕರಲ್ಲಿ ಯಾವುದಕ್ಕೂ ಸುಲಭವಾಗಿ ಸಿಕ್ಕುವುದಿಲ್ಲ. ಅಂಥ ಮಗುವನ್ನು ಮೊದಲು ಗುರುತಿಸಬಲ್ಲವರು ದಿನವೂ ನೋಡುವ ಅಂಗನವಾಡಿಯ ಅಕ್ಕಾರು ಮತ್ತು ಒಂದನೇ ಇಯತ್ತೆಯ ಶಿಕ್ಷಕರು. ಇಲ್ಲೊಂದು ಗೊಂದಲ ಬಗೆಹರಿಯಬೇಕು. ನಲಿಕಲಿಯಂಥ ಪದ್ಧತಿಗಳಿಂದಾಗಿ ಆಟದ ಮೂಲಕ ಕಲಿಸುವುದು ನಮ್ಮ ಶಿಕ್ಷಕರಿಗೆ ಚೆನ್ನಾಗಿ ಗೊತ್ತು. ಅದರಲ್ಲಿ ಆಟದ ಗುರಿಯನ್ನು ಶಿಕ್ಷಕರು ನಿಶ್ಚಯಿಸುತ್ತಾರೆ: ಅಕ್ಷರ, ಎಣಿಕೆ, ಹಾಡು. ಚಿಕಿತ್ಸೆಯ ಆಟದಲ್ಲಿ ಗುರಿ ಮಗುವಿನದು. ಎರಡೂ ಬೇಕು, ಎರಡನ್ನೂ ಒಂದೇ ಎಂದು ತಿಳಿಯಬಾರದು.

ಇನ್ನೊಂದು ಎಚ್ಚರಿಕೆ ಪಟ್ಟಣಗಳ ಪಾಲಕರಿಗೆ. ಹುಬ್ಬಳ್ಳಿ ಧಾರವಾಡದಲ್ಲಿ ಬಗೆಬಗೆಯ ಥೆರಪಿಯ ಬೋರ್ಡುಗಳು ಕಾಣುತ್ತಿವೆ. ಕ್ಲಿನಿಕಲ್ ಸೈಕಾಲಜಿಸ್ಟ್ ಆಗಿ ಕೆಲಸ ಮಾಡಲು ಭಾರತೀಯ ಪುನರ್ವಸತಿ ಪರಿಷತ್ತಿನ ನೋಂದಣಿ ಬೇಕು. ಪ್ಲೇ ಥೆರಪಿಸ್ಟ್ ಎಂಬ ಹೆಸರಿಗೆ ಅಂಥ ಪ್ರತ್ಯೇಕ ಪರವಾನಗಿ ಇಲ್ಲ. ಆದ್ದರಿಂದ ಪಾಲಕರೇ ಕೇಳಬೇಕು: ನಿಮ್ಮ ಓದು ಏನು, ಆಟದ ಚಿಕಿತ್ಸೆಯನ್ನು ಎಲ್ಲಿ ಕಲಿತಿರಿ, ನಿಮ್ಮ ಕೆಲಸವನ್ನು ಯಾರು ನೋಡಿ ತಿದ್ದುತ್ತಾರೆ, ನನ್ನ ಜೊತೆ ಎಷ್ಟು ಸಲ ಮಾತಾಡುತ್ತೀರಿ. ಒಳಗೆ ಮಗುವಿಗೆ ಮೊಬೈಲು ಕೊಟ್ಟು ಕೂರಿಸುವವರು, ಮೊದಲ ದಿನವೇ ಇಷ್ಟು ವಾರಗಳಲ್ಲಿ ಸರಿಮಾಡಿ ಕೊಡುತ್ತೇವೆ ಎನ್ನುವವರು, ತಂದೆತಾಯಿಯರ ಜೊತೆ ಮಾತೇ ಆಡದವರು ಇದ್ದರೆ ಎದ್ದು ಬರುವುದು ಒಳ್ಳೆಯದು.

ದೂರ ಮತ್ತು ತಜ್ಞರ ಕೊರತೆ ಎರಡಕ್ಕೂ ನನಗೆ ಕಾಣುವ ದಾರಿ ಮೇಲೆ ಹೇಳಿದ ತಂದೆತಾಯಿಯರ ತರಬೇತಿ. 1960ರ ದಶಕದಲ್ಲಿ ಬರ್ನಾರ್ಡ್ ಮತ್ತು ಲೂಯಿಸ್ ಗರ್ನಿ ದಂಪತಿ ಇದನ್ನು ಆರಂಭಿಸಿದರು. ಲ್ಯಾಂಡ್ರೆತ್ ಅದನ್ನು ಹತ್ತು ವಾರಗಳ ಗುಂಪು ತರಬೇತಿಯಾಗಿ ಅಡಕಗೊಳಿಸಿದರು. ಪಾಲಕರು ವಾರಕ್ಕೊಮ್ಮೆ ಒಟ್ಟಾಗಿ ಸೇರಿ ಕಲಿಯುತ್ತಾರೆ, ಮನೆಯಲ್ಲಿ ವಾರಕ್ಕೊಮ್ಮೆ ಮೂವತ್ತು ನಿಮಿಷ ಒಂದೇ ಮಗುವಿನ ಜೊತೆ ಆಡುತ್ತಾರೆ. ಆ ಹೊತ್ತಿಗೆಂದೇ ಬೇರೆ ತೆಗೆದಿಟ್ಟ ಆಟಿಕೆಗಳು, ಆ ಹೊತ್ತಿನಲ್ಲಿ ಫೋನಿಲ್ಲ, ಪಾಠವಿಲ್ಲ, ತಿದ್ದುವುದಿಲ್ಲ. ಮಗು ಮುಂದೆ, ತಾಯಿ ಹಿಂದೆ. ತಾಲ್ಲೂಕು ಕೇಂದ್ರಕ್ಕೆ ಹತ್ತು ವಾರ ಒಬ್ಬ ತರಬೇತುದಾರರು ಬಂದು ಹತ್ತು ಹನ್ನೆರಡು ತಾಯಂದಿರನ್ನು, ಅಜ್ಜಿಯರನ್ನು, ಅಂಗನವಾಡಿ ಅಕ್ಕಾರನ್ನು ತಯಾರು ಮಾಡುವುದು ನಮ್ಮ ಜಿಲ್ಲೆಗಳ ಶಕ್ತಿಗೆ ಮೀರಿದ ಕೆಲಸವಲ್ಲ. ಸ್ತ್ರೀಶಕ್ತಿ ಸಂಘಗಳು ಹೇಗಿದ್ದರೂ ವಾರಕ್ಕೊಮ್ಮೆ ಸೇರುತ್ತವೆ. ತೀವ್ರ ತೊಂದರೆ ಇರುವ ಮಕ್ಕಳನ್ನು ಡಿಮ್ಹಾನ್ಸ್‌ಗೆ ಕಳಿಸಿ, ಉಳಿದವರಿಗೆ ಮನೆಯ ಹತ್ತಿರವೇ ನೆರವು ಸಿಗುವಂತೆ ಮಾಡಬಹುದು. ಅಜ್ಜಿಯರನ್ನು ಸೇರಿಸಿ ಎಂದು ನಾನು ಒತ್ತಿ ಹೇಳಲು ಕಾರಣವಿದೆ. ದುಡಿಯಲು ಹೋದವರ ಮನೆಗಳಲ್ಲಿ ಮಕ್ಕಳ ಪಕ್ಕದಲ್ಲಿ ಇರುವವರು ಅವರೇ. ಆಟಿಕೆಗಳಿಗೂ ಪೇಟೆಗೆ ಹೋಗಬೇಕಿಲ್ಲ: ಎರಿಮಣ್ಣು, ಹಳೆ ಸೀರೆಯ ಚಿಂದಿಯ ಗೊಂಬೆ, ಜೋಳದ ದಂಟಿನ ಬಂಡಿ, ಸಣ್ಣ ಅಡುಗೆ ಸಾಮಾನು, ಒಂದು ಬುಟ್ಟಿ ಮರಳು ಸಾಕು.

ತಂಗಿಯ ಮಗ ಸುಮಾರು ಐದು ತಿಂಗಳು ಆ ಕೋಣೆಗೆ ಹೋದ. ಮೊದಲಿನ ವಾರಗಳಲ್ಲಿ ಎತ್ತನ್ನು ಹುಗಿದು ಹುಗಿದು ತೆಗೆಯುವುದೇ ಆಟ. ನಡುವೆ ಕೆಲವು ವಾರ ಹುಲಿಯ ಕಾಟ, ಡಾಕ್ಟರ್ ಗೊಂಬೆಗೆ ಪ್ರತಿ ಸಲವೂ ಏಟು. ತಾಯಿಗೆ ಸಮಾಲೋಚಕಿ ಹೇಳಿದ್ದು ಒಂದೇ ಮಾತು: ಅಜ್ಜ ಸತ್ತಿದ್ದಾನೆ ಎಂದು ಅವನಿಗೆ ಸರಳವಾಗಿ, ನಿಜವಾಗಿ ಹೇಳಿ. ಸತ್ತವರಿಗೆ ನೋವಾಗುವುದಿಲ್ಲ, ಅವರು ತಿರುಗಿ ಬರುವುದಿಲ್ಲ, ನೀನು ಏನೂ ತಪ್ಪು ಮಾಡಿಲ್ಲ, ನಾನು ಊರಿಗೆ ಹೋದರೆ ಬರುತ್ತೇನೆ ಎಂದು ತಂಗಿ ಒಂದು ಸಂಜೆ ಅವನನ್ನು ತೊಡೆಯ ಮೇಲೆ ಕೂರಿಸಿಕೊಂಡು ಹೇಳಿದಳು. ಅವನು ಅಂದು ಮೊದಲ ಸಲ ಅತ್ತ. ಅದಾದ ಎರಡು ವಾರಗಳ ಮೇಲೆ, ತಂಗಿಯನ್ನೂ ಒಳಗೆ ಕರೆದಿದ್ದ ದಿನ, ಎತ್ತನ್ನು ಮರಳಿನಲ್ಲಿ ಹುಗಿದು, ಮೇಲೆ ಒಂದು ಕಲ್ಲಿಟ್ಟು, ಕಿಟಕಿಯ ಕುಂಡದಿಂದ ಒಂದು ಎಲೆ ಕಿತ್ತು ತಂದು ಇಟ್ಟ. ಈ ಸಲ ಕೆದರಿ ತೆಗೆಯಲಿಲ್ಲ. "ಇದು ಇಲ್ಲೇ ಇರತೈತಿ" ಎಂದು ಚಿಕಿತ್ಸಕಿಯ ಮುಖ ನೋಡಿದ. ಅವರು "ಹೌದು, ಅದು ಇಲ್ಲೇ ಇರತೈತಿ" ಎಂದರು. ಆಮೇಲೆ ಅವನು ಇನ್ನೊಂದು ಎತ್ತು ತಗೊಂಡು ಬಂಡಿಗೆ ಕಟ್ಟಿದ.

ಮರುವರ್ಷದ ಮಣ್ಣೆತ್ತಿನ ಅಮಾವಾಸ್ಯೆಗೆ ನಾನು ಮತ್ತೆ ಆ ಮನೆಗೆ ಹೋಗಿದ್ದೆ. ಅಜ್ಜಿ ಎತ್ತು ಮಾಡುವ ಮೊದಲು ಮಣ್ಣನ್ನು ಎರಡು ಪಾಲು ಮಾಡಿದರು. ಒಂದನ್ನು ತಮ್ಮ ಮುಂದೆ ಇಟ್ಟುಕೊಂಡು, ಇನ್ನೊಂದನ್ನು ಹಳೆಯ ಪರಾತದಲ್ಲಿ ಹಾಕಿ ಮೊಮ್ಮಗನ ಕಡೆ ಸರಿಸಿ, "ಪೂಜಿ ಎತ್ತ ಇವು ನನ್ನಾವು. ಅವು ನಿನ್ನಾವು, ನಿನಗ ಹೆಂಗ ಬೇಕೋ ಹಂಗ ಮಾಡ್ಕೋ ತಮ್ಮಾ" ಎಂದರು. ಅವನು ಸ್ವಲ್ಪ ಹೊತ್ತು ಮಣ್ಣು ನಾದಿ, ಎತ್ತಿನ ಬದಲು ಒಂದು ಬಸ್ಸು ಮಾಡಿದ.